ಸಂವಿಧಾನ ತಿದ್ದುಪಡಿಗೆ ಜನಮತಗಣನೆ: ನನ್ನ ಯೋಜನೆಯಲ್ಲಿ ತಪ್ಪೆಲ್ಲಿದೆ?

ಕಾನೂನು ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ನಮ್ಮ ತರಗತಿಗೆ ಒಂದು ಕಾಲ್ಪನಿಕ ದೇಶವನ್ನು ಕೊಟ್ಟಿದ್ದಾರೆ. ಎರಡು ಕೋಟಿ ಮತದಾರರು, ಎರಡು ಸದನಗಳ ಸಂಸತ್ತು, ಜನರೇ ನೇರವಾಗಿ ಆರಿಸುವ ಅಧ್ಯಕ್ಷರು. ಸಂಸತ್ತು ನಾಲ್ಕು ತಿದ್ದುಪಡಿಗಳನ್ನು ಅಂಗೀಕರಿಸಿದೆ. ಅಧ್ಯಕ್ಷರ ಅವಧಿ ಐದು ವರ್ಷದಿಂದ ಏಳಕ್ಕೆ ಏರಬೇಕು, ಮೇಲ್ಮನೆ ರದ್ದಾಗಬೇಕು, ಮತದಾನದ ವಯಸ್ಸು ಹದಿನಾರಕ್ಕೆ ಇಳಿಯಬೇಕು, ಶುದ್ಧ ನೀರು ಮೂಲಭೂತ ಹಕ್ಕಾಗಬೇಕು. ಇವು ಜಾರಿಯಾಗಲು ಜನಮತಗಣನೆ, ಅಂದರೆ ಮತದಾರರೇ ನೇರವಾಗಿ ಹೌದು ಅಥವಾ ಇಲ್ಲ ಎನ್ನುವ ಮತದಾನ, ಕಡ್ಡಾಯ. ಅದನ್ನು ಹೇಗೆ ನಡೆಸುವುದು ಎಂಬ ಯೋಜನೆಯನ್ನು ಬರೆಯಬೇಕು.

ನನ್ನ ಕರಡು ನಲವತ್ತು ಪುಟ ಆಗಿದೆ. ಮತಗಟ್ಟೆಗಳ ಸಂಖ್ಯೆ, ಸಿಬ್ಬಂದಿಯ ತರಬೇತಿ, ಪೆಟ್ಟಿಗೆಗಳ ಸಾಗಣೆ, ಎಣಿಕೆ ಕೇಂದ್ರಗಳ ಭದ್ರತೆ, ಎಲ್ಲವನ್ನೂ ಲೆಕ್ಕ ಹಾಕಿದ್ದೇನೆ. ಖರ್ಚು ಉಳಿಸಲು ಸಾರ್ವತ್ರಿಕ ಚುನಾವಣೆಯ ದಿನವೇ ನಡೆಸುವುದು, ಮೂರು ತಿಂಗಳ ಸಿದ್ಧತೆ, ಒಂದೇ ಮತಪತ್ರ, ಒಂದೇ ಪ್ರಶ್ನೆ. ‘ದೇಶದ ಪ್ರಗತಿಗಾಗಿ ರೂಪಿಸಿರುವ ಸಂವಿಧಾನ ತಿದ್ದುಪಡಿಗಳನ್ನು ನೀವು ಒಪ್ಪುತ್ತೀರಾ?’ ಅರ್ಧದಷ್ಟಾದರೂ ಮತದಾನ ಆಗದಿದ್ದರೆ ಫಲಿತಾಂಶ ಅಸಿಂಧು. ಅನುಭವಸ್ಥರು ನೋಡಿ ತಪ್ಪುಗಳನ್ನು ತಿಳಿಸಬೇಕಾಗಿ ವಿನಂತಿ.

ಪ್ರಿಸೈಡಿಂಗ್ ಮೇಷ್ಟ್ರು:
ಪೆಟ್ಟಿಗೆ, ಸಾಗಣೆ, ಭದ್ರತೆಯ ಭಾಗ ಚೆನ್ನಾಗಿದೆ. ಆ ಮೂವತ್ತು ಪುಟಗಳನ್ನು ಹತ್ತಕ್ಕೆ ಇಳಿಸಿದರೂ ನಷ್ಟವಿಲ್ಲ. ಚುನಾವಣೆ ನಡೆಸಲು ಬರುವ ಯಾವ ದೇಶಕ್ಕೂ ಅಷ್ಟು ಗೊತ್ತಿರುತ್ತದೆ. ಜನಮತಗಣನೆ ಕೆಡುವುದು ಬೇರೆ ಕಡೆ.

ನಾನು ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಮೇಜಿನ ಹಿಂದೆ ಕುಳಿತವನು. ಒಮ್ಮೆ ಕನ್ನಡಕ ಮರೆತು ಬಂದ ಒಬ್ಬರು ಮತಪತ್ರವನ್ನು ನನ್ನ ಕಡೆ ಚಾಚಿ ‘ಓದಿ ಹೇಳಿ’ ಎಂದರು. ಹೆಸರುಗಳನ್ನು, ಚಿಹ್ನೆಗಳನ್ನು ಒಂದೇ ದನಿಯಲ್ಲಿ ಓದಿದೆ. ಅವರು ತಲೆಯಾಡಿಸಿ ಒಳಗೆ ಹೋದರು. ಯಾರಿಗೆ ಹಾಕಬೇಕೆಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದರು. ಈಗ ಅದೇ ಜಾಗದಲ್ಲಿ ನಿಮ್ಮ ಪ್ರಶ್ನೆಯನ್ನು ಇಟ್ಟು ನೋಡಿ. ನಾನು ಓದಿದ ಮೇಲೆ ಅವರು ಖಂಡಿತ ಕೇಳುತ್ತಾರೆ: ‘ಹಾಗೆಂದರೆ ಏನು?’ ನಾನು ಉತ್ತರಿಸುವಂತಿಲ್ಲ. ‘ಪ್ರಗತಿಗಾಗಿ’ ಎಂಬ ಮಾತನ್ನು ಸ್ವಲ್ಪ ಒತ್ತಿ ಓದಿದರೂ ನನ್ನ ದನಿಯೇ ಪ್ರಚಾರವಾಗಿಬಿಡುತ್ತದೆ. ವಿವರಣೆಯ ಕೆಲಸ ಮತಗಟ್ಟೆಯ ಬಾಗಿಲಲ್ಲಿ ಶುರುವಾಗುವಂಥದ್ದಲ್ಲ, ಅಲ್ಲಿಗೆ ಬರುವ ಹೊತ್ತಿಗೆ ಮುಗಿದಿರಬೇಕು.

ಕರಡು ತಿದ್ದುವವಳು:
ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ‘ಪ್ರಗತಿಗಾಗಿ’ ಎಂಬುದನ್ನು ಇವತ್ತೇ ಹೊಡೆದುಹಾಕಿ. ಅದು ಪ್ರಶ್ನೆಯೊಳಗೇ ಉತ್ತರವನ್ನು ಕಟ್ಟಿಕೊಟ್ಟಂತೆ. ಅಷ್ಟೇ ಅಲ್ಲ, ‘ಒಪ್ಪುತ್ತೀರಾ’ ಎಂಬ ಸಾಧು ಪದವೂ ನಿರಪರಾಧಿಯಲ್ಲ. 2014ರಲ್ಲಿ ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಮತದಾನಕ್ಕೆ ಸರ್ಕಾರ ಮೊದಲು ಬರೆದಿದ್ದು ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುತ್ತೀರಾ’ ಎಂಬ ಅರ್ಥದ ಪ್ರಶ್ನೆ. ಬ್ರಿಟನ್ನಿನ ಚುನಾವಣಾ ಆಯೋಗ ಅದನ್ನು ಸಾಮಾನ್ಯ ಮತದಾರರ ಮೇಲೆ ಪರೀಕ್ಷಿಸಿ, ಆ ಮಾತು ಜನರನ್ನು ಹೌದು ಎಂಬುದರತ್ತ ವಾಲಿಸುತ್ತದೆ ಎಂದಿತು. ಕೊನೆಗೆ ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ’ ಎಂದಷ್ಟೇ ಉಳಿಯಿತು. 2016ರ ಬ್ರೆಕ್ಸಿಟ್ ಮತದಾನದಲ್ಲೂ ಹೀಗೆಯೇ ಆಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ ಎಂದು ಕೇಳಿ ಹೌದು ಅಥವಾ ಇಲ್ಲ ಎನ್ನಿಸುವ ಬದಲು, ‘ಉಳಿಯಬೇಕೇ, ಹೊರಬರಬೇಕೇ’ ಎಂದು ಎರಡು ಬದಿಗೂ ಒಂದೊಂದು ಮಾತನ್ನು ಕೊಟ್ಟರು. ಇವೆರಡೂ ಸಂವಿಧಾನ ತಿದ್ದುಪಡಿಗಳಲ್ಲ, ನಿಜ. ಪ್ರಶ್ನೆ ಬರೆಯುವವರಿಗೆ ಪಾಠ ಮಾತ್ರ ಅದೇ.

ನಿಮ್ಮ ಕ್ಯಾಲೆಂಡರಿನಲ್ಲಿ ಪ್ರಶ್ನೆಯ ಪರೀಕ್ಷೆಗೆಂದು ಒಂದು ದಿನವನ್ನೂ ಇಟ್ಟಿಲ್ಲ. ನೀವು ಬರೆದುದನ್ನು ನಿಮಗೆ ಪರಿಚಯವಿಲ್ಲದ ಇಪ್ಪತ್ತು ಜನರ ಕೈಗೆ ಕೊಟ್ಟು, ಇದಕ್ಕೆ ಹೌದು ಎಂದರೆ ಏನಾಗುತ್ತದೆ ಎಂದು ಕೇಳಿ. ಇಪ್ಪತ್ತು ಬಗೆಯ ಉತ್ತರ ಬಂದರೆ ತಪ್ಪು ಜನರದ್ದಲ್ಲ, ಬರೆದವರದ್ದು.

ಮಹಾಸಭೆಯ ಸದಸ್ಯ:
ನಾಲ್ಕಕ್ಕೂ ಒಂದೇ ಪ್ರಶ್ನೆ ಎಂದದ್ದನ್ನು ಓದಿ ಹಳೆಯ ಗಾಯ ನೆನಪಾಯಿತು. ನಾನು ಸದಸ್ಯನಾಗಿದ್ದ ಒಂದು ಸಹಕಾರ ಸಂಘದ ಮಹಾಸಭೆಯಲ್ಲಿ ಉಪವಿಧಿಗಳಿಗೆ ಹನ್ನೊಂದು ತಿದ್ದುಪಡಿಗಳನ್ನು ಒಂದೇ ನಿರ್ಣಯವಾಗಿ ತಂದರು. ವೇದಿಕೆಯ ಮೇಲಿಂದ ಗಟ್ಟಿಯಾಗಿ ಓದಿದ್ದು ಸದಸ್ಯರ ಮಕ್ಕಳಿಗೆ ವಿದ್ಯಾರ್ಥಿವೇತನ ಎಂಬುದನ್ನು ಮಾತ್ರ. ಚಪ್ಪಾಳೆ ಬಿತ್ತು, ಕೈಗಳು ಮೇಲೆದ್ದವು, ನನ್ನದೂ ಎದ್ದಿತು. ಆಡಳಿತ ಮಂಡಳಿಯ ಅವಧಿಯನ್ನು ಎರಡು ವರ್ಷ ಹಿಗ್ಗಿಸುವ ಸಾಲು ಏಳನೆಯದಾಗಿತ್ತು ಎಂಬುದು ಮನೆಗೆ ಬಂದು ಹಾಳೆ ತಿರುವಿದಾಗ ಗೊತ್ತಾಯಿತು. ನಿಮ್ಮ ನೀರಿನ ಹಕ್ಕು ಮತ್ತು ಅಧ್ಯಕ್ಷರ ಏಳು ವರ್ಷ ಒಂದೇ ಮತಪತ್ರದಲ್ಲಿ ಕುಳಿತಿರುವುದು ನನಗೆ ಹಾಗೆಯೇ ಕಾಣುತ್ತಿದೆ. ಕ್ಷಮಿಸಿ, ಮಾತು ಸ್ವಲ್ಪ ಖಾರವಾಯಿತು.

ಲೆಕ್ಕಪತ್ರ:
ಖಾರವೇನೂ ಇಲ್ಲ, ದೇಶಗಳ ಮಟ್ಟದಲ್ಲೂ ಆದದ್ದೇ. ರಷ್ಯಾದಲ್ಲಿ 2020ರ ಜೂನ್ ಕೊನೆಯಲ್ಲಿ ಶುರುವಾಗಿ ಜುಲೈ 1ಕ್ಕೆ ಮುಗಿದ ಮತದಾನವನ್ನು ನೋಡಿ. ಪಿಂಚಣಿಯನ್ನು ಕಾಲಕಾಲಕ್ಕೆ ಏರಿಸುವ ಭರವಸೆ, ಮದುವೆಯ ವ್ಯಾಖ್ಯೆ, ಜೊತೆಗೆ ಹಾಲಿ ಅಧ್ಯಕ್ಷರ ಹಿಂದಿನ ಅವಧಿಗಳನ್ನು ಲೆಕ್ಕಕ್ಕೆ ಹಿಡಿಯದಿರುವ ಏರ್ಪಾಡು, ಎಲ್ಲಕ್ಕೂ ಸೇರಿ ಒಂದೇ ಹೌದು ಅಥವಾ ಒಂದೇ ಇಲ್ಲ.

ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದ 1967ರ ಮೇ 27. ಒಂದೇ ದಿನ ಎರಡು ಪ್ರಶ್ನೆಗಳು. ಮೂಲನಿವಾಸಿಗಳ ಕುರಿತಾದದ್ದಕ್ಕೆ ಶೇ 90ಕ್ಕಿಂತ ಹೆಚ್ಚು ಜನ ಹೌದು ಎಂದರು. ಸಂಸತ್ತಿನ ಎರಡು ಸದನಗಳ ಸದಸ್ಯಬಲದ ನಂಟನ್ನು ಬಿಡಿಸುವ ಇನ್ನೊಂದನ್ನು ಅದೇ ಜನ, ಅದೇ ಮತಗಟ್ಟೆಯಲ್ಲಿ, ಅದೇ ಪೆನ್ಸಿಲಿನಿಂದ ತಳ್ಳಿಹಾಕಿದರು. ಬಿಡಿಸಿ ಕೇಳಿದರೆ ಜನ ಬಿಡಿಸಿಯೇ ಉತ್ತರಿಸುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಒಂದು ಪ್ರಸ್ತಾವಕ್ಕೆ ಒಂದೇ ವಿಷಯ ಇರಬೇಕೆಂಬುದು ನಿಯಮವೇ ಆಗಿದೆ. ಸಂವಿಧಾನದ ವಿಷಯಗಳಲ್ಲಿ ದೇಶಗಳಿಗೆ ಸಲಹೆ ಕೊಡುವ ಯುರೋಪಿನ ವೆನಿಸ್ ಆಯೋಗದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಕಾನೂನು ವಿದ್ಯಾರ್ಥಿನಿ:
ಒಪ್ಪಿದೆ. ನಾಲ್ಕು ಬೇರೆ ಮತಪತ್ರ, ನಾಲ್ಕು ಬಣ್ಣ ಎಂದು ಬದಲಿಸುತ್ತೇನೆ. ಹಾಗಾದರೆ ಆ ಸಮಸ್ಯೆ ಮುಗಿಯಿತು, ಅಲ್ಲವೇ?

ಕರಡು ತಿದ್ದುವವಳು:
ಮುಗಿಯಲಿಲ್ಲ, ಈಗ ಶುರುವಾಯಿತು. ನಾಲ್ಕು ಪ್ರಶ್ನೆಗಳಿಗೆ ಹದಿನಾರು ಬಗೆಯ ಫಲಿತಾಂಶ ಬರಬಹುದು. ಹದಿನಾರರಲ್ಲೂ ಸಂವಿಧಾನ ಓದಿಸಿಕೊಂಡು ಹೋಗಬೇಕು. ಅಧ್ಯಕ್ಷರ ಅವಧಿಯನ್ನು ಏಳಕ್ಕೆ ಏರಿಸುವ ಕರಡಿನಲ್ಲಿ, ಅವರನ್ನು ಪದಚ್ಯುತಗೊಳಿಸಲು ಎರಡೂ ಸದನಗಳ ನಿರ್ಣಯ ಬೇಕು ಎಂದಿದೆ ಎನ್ನಿ. ಜನ ಅದನ್ನೂ ಒಪ್ಪಿ ಮೇಲ್ಮನೆಯ ರದ್ದತಿಯನ್ನೂ ಒಪ್ಪಿದರೆ? ಇಲ್ಲದ ಸದನದ ಒಪ್ಪಿಗೆಯನ್ನು ಯಾರು ತರುತ್ತಾರೆ? ಅಂಥ ಅಧ್ಯಕ್ಷರನ್ನು ಮನೆಗೆ ಕಳುಹಿಸಲು ದಾರಿಯೇ ಇರುವುದಿಲ್ಲ. ಆದ್ದರಿಂದ ಪ್ರತಿಯೊಂದು ತಿದ್ದುಪಡಿಯೂ ಒಂಟಿಯಾಗಿ ನಿಲ್ಲುವಂತೆ, ಇನ್ನೊಂದು ಗೆದ್ದರೂ ಸೋತರೂ ಕೆಡದಂತೆ ಬರೆಯಬೇಕು. ‘ಸಂಸತ್ತಿನ ಪ್ರತಿಯೊಂದು ಸದನವೂ’ ಎಂದು ಬರೆದರೆ ಸದನ ಒಂದಿದ್ದರೂ ಎರಡಿದ್ದರೂ ನಡೆಯುತ್ತದೆ. ಒಂದು ಪದದ ಕೆಲಸ. ಆದರೆ ಆ ಪದವನ್ನು ಹುಡುಕಲು ಒಬ್ಬರು ಹದಿನಾರು ಸಲ ಸಂವಿಧಾನವನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ಮೂರು ತಿಂಗಳಲ್ಲಿ ಇದು ಆಗುವ ಮಾತಲ್ಲ.

ಅಡ್ಡಪ್ರಶ್ನೆ:
ಇಷ್ಟೆಲ್ಲ ತಲೆನೋವು ಏಕೆ? ಭಾರತದಲ್ಲಿ 2023ರವರೆಗೆ 106 ತಿದ್ದುಪಡಿಗಳಾಗಿವೆ, ಒಂದಕ್ಕೂ ಜನಮತಗಣನೆ ಆಗಿಲ್ಲ. 368ನೇ ವಿಧಿಯಂತೆ ಸಂಸತ್ತಿನ ವಿಶೇಷ ಬಹುಮತ, ಕೆಲವಕ್ಕೆ ಅರ್ಧದಷ್ಟು ರಾಜ್ಯಗಳ ಅನುಮೋದನೆ, ಅಷ್ಟೇ. ಮೇಲ್ಮನೆ ಬೇಕೋ ಬೇಡವೋ ಎಂದು ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳುವುದು ಪ್ರಜಾಪ್ರಭುತ್ವವೋ, ಶಾಸಕರು ಜವಾಬ್ದಾರಿಯಿಂದ ಜಾರಿಕೊಳ್ಳುವ ಉಪಾಯವೋ?

ಪ್ರಿಸೈಡಿಂಗ್ ಮೇಷ್ಟ್ರು:
ಭಾರತದಲ್ಲಿ ಆ ಯೋಚನೆ ಬಂದೇ ಇರಲಿಲ್ಲ ಎಂದುಕೊಳ್ಳಬೇಡಿ. ತುರ್ತುಪರಿಸ್ಥಿತಿ ಮುಗಿದ ಮೇಲೆ ಜನತಾ ಸರ್ಕಾರ 1978ರಲ್ಲಿ ತಂದ 45ನೇ ತಿದ್ದುಪಡಿ ಮಸೂದೆಯಲ್ಲಿ ಜನಮತಗಣನೆಯ ಅಂಶವಿತ್ತು. ಸಂವಿಧಾನದ ಜಾತ್ಯತೀತ ಅಥವಾ ಪ್ರಜಾಸತ್ತಾತ್ಮಕ ಸ್ವರೂಪ, ಮೂಲಭೂತ ಹಕ್ಕುಗಳು, ಮುಕ್ತ ಚುನಾವಣೆ, ನ್ಯಾಯಾಂಗದ ಸ್ವಾತಂತ್ರ್ಯ, ಇವಕ್ಕೆ ಧಕ್ಕೆ ತರುವ ತಿದ್ದುಪಡಿಯಾದರೆ ಜನರ ಮುಂದೆ ಹೋಗಬೇಕು, ಅದರಲ್ಲಿ ಕನಿಷ್ಠ ಶೇ 51ರಷ್ಟು ಮತದಾರರು ಭಾಗವಹಿಸಿರಬೇಕು ಎಂದಿತ್ತು. ಲೋಕಸಭೆ ಒಪ್ಪಿತು, ರಾಜ್ಯಸಭೆ ಆ ಕಲಮನ್ನು ತೆಗೆದುಹಾಕಿತು. ಉಳಿದದ್ದು 44ನೇ ತಿದ್ದುಪಡಿಯಾಗಿ ಜಾರಿಗೆ ಬಂತು. ಮೂಲ ಸ್ವರೂಪವನ್ನು ಕಾಯುವ ಕೆಲಸ ಅಂದಿನಿಂದ ಇಂದಿನವರೆಗೂ, ಅದನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದ 1973ರ ಕೇಶವಾನಂದ ಭಾರತಿ ತೀರ್ಪಿನ ಬಲದಿಂದ ನ್ಯಾಯಾಲಯದ ಕೈಯಲ್ಲೇ ಇದೆ.

ಜಾರಿಕೊಳ್ಳುವ ಉಪಾಯ ಎಂದಿರಲ್ಲ, ಅದಕ್ಕೆ ಉದಾಹರಣೆ ಪಕ್ಕದಲ್ಲೇ ಇದೆ. ಶ್ರೀಲಂಕಾದಲ್ಲಿ 1977ರಲ್ಲಿ ಆಯ್ಕೆಯಾದ ಸಂಸತ್ತು ಚುನಾವಣೆಗೆ ಹೋಗುವ ಬದಲು, ತನ್ನ ಅವಧಿಯನ್ನು ಇನ್ನೂ ಆರು ವರ್ಷ ಮುಂದುವರಿಸಲು 1982ರ ಡಿಸೆಂಬರ್ 22ರಂದು ಜನಮತಗಣನೆ ನಡೆಸಿತು. ಹೌದು ಎಂಬುದಕ್ಕೆ ದೀಪದ ಚಿಹ್ನೆ, ಇಲ್ಲ ಎಂಬುದಕ್ಕೆ ಮಡಕೆ. ದೀಪ ಗೆದ್ದಿತು. ದೀಪವನ್ನು ಬಿಟ್ಟು ಮಡಕೆ ಹಿಡಿಯಿರಿ ಎಂದು ಪ್ರಚಾರ ಮಾಡಬೇಕಾದವರ ಪಾಡನ್ನು ಯೋಚಿಸಿ! ಕೀನ್ಯಾದವರು 2005ರಲ್ಲಿ ಹೌದು ಎನ್ನಲು ಬಾಳೆಹಣ್ಣು, ಇಲ್ಲ ಎನ್ನಲು ಕಿತ್ತಳೆ ಎಂದು ಇಟ್ಟರು. ಅಲ್ಲಿ ಕಿತ್ತಳೆ ಗೆದ್ದಿತು, ಅದೇ ಹೆಸರಿನಲ್ಲಿ ಒಂದು ರಾಜಕೀಯ ಪಕ್ಷವೂ ಹುಟ್ಟಿತು. ಚಿಹ್ನೆ ಇಡುವುದಾದರೆ ಯಾವ ಭಾವವನ್ನೂ ಕೆರಳಿಸದ ಸಪ್ಪೆ ಚಿಹ್ನೆ ಇಡಿ.

ಲೆಕ್ಕಪತ್ರ:
ಅರ್ಧದಷ್ಟು ಮತದಾನ ಆಗಲೇಬೇಕು ಎಂಬ ನಿಮ್ಮ ಷರತ್ತಿಗೆ ಬರುತ್ತೇನೆ. ಕೇಳಲು ಬಹಳ ನ್ಯಾಯವಾಗಿದೆ. ಆದರೆ ಲೆಕ್ಕ ಹಾಕಿ. ನೂರು ಮತದಾರರಲ್ಲಿ ಮೂವತ್ತು ಜನ ಪರ, ಇಪ್ಪತ್ತೈದು ಜನ ವಿರೋಧ, ಉಳಿದವರಿಗೆ ಆಸಕ್ತಿಯಿಲ್ಲ. ಆ ಇಪ್ಪತ್ತೈದು ಜನ ಬಂದು ಇಲ್ಲ ಎಂದರೆ ಹಾಜರಿ ಐವತ್ತೈದಾಗುತ್ತದೆ, ಅವರು ಸೋಲುತ್ತಾರೆ. ಮನೆಯಲ್ಲೇ ಕುಳಿತರೆ ಹಾಜರಿ ಮೂವತ್ತು, ಮತದಾನ ಅಸಿಂಧು, ಅವರು ಗೆಲ್ಲುತ್ತಾರೆ! ಇಟಲಿಯಲ್ಲಿ ಕಾನೂನು ರದ್ದತಿಯ ಜನಮತಗಣನೆಗಳಿಗೆ ಶೇ 50ರ ಮಿತಿ ಇದೆ. ಅಲ್ಲಿ ವಿರೋಧಿ ಬಣಗಳು ‘ಮತ ಹಾಕಲು ಹೋಗಬೇಡಿ’ ಎಂದು ಬಹಿರಂಗವಾಗಿ ಕರೆ ಕೊಡುವುದುಂಟು. ಅದೇ ಇಟಲಿ ಸಂವಿಧಾನ ತಿದ್ದುಪಡಿಯ ಜನಮತಗಣನೆಗೆ ಮಾತ್ರ ಈ ಮಿತಿಯನ್ನು ಇಟ್ಟಿಲ್ಲ. ಐರ್ಲೆಂಡಿನಲ್ಲೂ ಇಲ್ಲ. ಅಲ್ಲಿ 1995ರಲ್ಲಿ ವಿಚ್ಛೇದನದ ತಿದ್ದುಪಡಿ ಗೆದ್ದದ್ದು ಕೇವಲ 9,114 ಮತಗಳಿಂದ. ಫಲಿತಾಂಶ ನಿಂತಿತು.

ಬಿಗಿ ಬೇಕೆಂದರೆ ಬೇರೆ ದಾರಿಗಳಿವೆ. ಡೆನ್ಮಾರ್ಕ್ ಹಾಜರಿಯನ್ನು ಎಣಿಸುವುದಿಲ್ಲ, ಹೌದು ಎಂದವರನ್ನು ಎಣಿಸುತ್ತದೆ: ಒಟ್ಟು ಮತದಾರರಲ್ಲಿ ಶೇ 40ರಷ್ಟಾದರೂ ಹೌದು ಎಂದಿರಬೇಕು. ಇಲ್ಲಿ ಮನೆಯಲ್ಲಿ ಕುಳಿತು ಆಡುವ ಆಟ ನಡೆಯುವುದಿಲ್ಲ. ಹಿಂದೆ ಈ ಮಿತಿ ಶೇ 45 ಇತ್ತು. 1939ರಲ್ಲಿ ಬಂದ ಮತಗಳಲ್ಲಿ ಬಹುಪಾಲು ಹೌದು ಆಗಿದ್ದರೂ ಕೂದಲೆಳೆಯಷ್ಟು ಕಡಿಮೆಯಾಗಿ ತಿದ್ದುಪಡಿ ಬಿತ್ತು. 1953ರಲ್ಲಿ ಕೂದಲೆಳೆಯಷ್ಟು ಹೆಚ್ಚಾಗಿ ಗೆದ್ದಿತು. ಆಸ್ಟ್ರೇಲಿಯಾದಲ್ಲಿ ದೇಶದ ಬಹುಮತದ ಜೊತೆಗೆ ಆರು ರಾಜ್ಯಗಳಲ್ಲಿ ನಾಲ್ಕರ ಬಹುಮತವೂ ಬೇಕು. 1977ರಲ್ಲಿ ಎರಡೂ ಸದನಗಳಿಗೆ ಒಟ್ಟಿಗೆ ಚುನಾವಣೆ ಎಂಬ ಪ್ರಸ್ತಾವಕ್ಕೆ ಶೇ 62ರಷ್ಟು ಜನ ಹೌದು ಎಂದರೂ ಮೂರೇ ರಾಜ್ಯಗಳು ಒಪ್ಪಿದ್ದರಿಂದ ಬಿದ್ದುಹೋಯಿತು. ಒಟ್ಟು 45 ಪ್ರಸ್ತಾವಗಳಲ್ಲಿ ಅಲ್ಲಿ ಗೆದ್ದದ್ದು ಎಂಟು ಮಾತ್ರ.

ಯಾವುದನ್ನು ಆರಿಸಿದರೂ ಸರಿ, ಪ್ರಸ್ತಾವಗಳು ಹುಟ್ಟುವ ಮೊದಲೇ ಆರಿಸಿ. ಯಾರಿಗೆ ಲಾಭ ಎಂಬುದು ತಿಳಿದ ಮೇಲೆ ಇಡುವ ಯಾವ ಮಿತಿಯೂ ಅನುಮಾನಕ್ಕೆ ಗುರಿಯಾಗುತ್ತದೆ.

ಅಡ್ಡಪ್ರಶ್ನೆ:
ಚುನಾವಣೆಯ ದಿನವೇ ನಡೆಸಿದರೆ ಹಾಜರಿಯ ಚಿಂತೆಯೇ ಇರುವುದಿಲ್ಲವಲ್ಲ? ಆ ಒಂದು ಅಂಶದಲ್ಲಿ ನಾನು ವಿದ್ಯಾರ್ಥಿನಿಯ ಪರ.

ಲೆಕ್ಕಪತ್ರ:
ಜಾಂಬಿಯಾದಲ್ಲಿ 2016ರ ಆಗಸ್ಟ್‌ನಲ್ಲಿ ಹಕ್ಕುಗಳ ಅಧ್ಯಾಯದ ತಿದ್ದುಪಡಿಯನ್ನು ಸಾರ್ವತ್ರಿಕ ಚುನಾವಣೆಯ ಜೊತೆಗೇ ಇಟ್ಟರು. ಮತ ಹಾಕಿದವರಲ್ಲಿ ಹೆಚ್ಚಿನವರು ಹೌದು ಎಂದರು. ಆದರೂ ಅರ್ಧದ ಮಿತಿ ಮುಟ್ಟದೆ ಬಿದ್ದುಹೋಯಿತು. ಚುನಾವಣೆಯ ಗದ್ದಲದಲ್ಲಿ ಜನಮತಗಣನೆ ಕೇಳಿಸುವುದೇ ಇಲ್ಲ. ಪಕ್ಷಗಳಿಗೆ ಅವತ್ತು ತಮ್ಮ ಅಭ್ಯರ್ಥಿಯೇ ಮುಖ್ಯ.

ಮಹಾಸಭೆಯ ಸದಸ್ಯ:
ಮಾಹಿತಿ ಕೊಡುವವರು ಯಾರು? ನಮ್ಮ ಸಂಘದಲ್ಲಿ ತಿದ್ದುಪಡಿಯ ವಿವರಣೆಯನ್ನು ಬರೆದವರೂ ಅದರಿಂದ ಲಾಭ ಪಡೆದವರೂ ಒಬ್ಬರೇ ಆಗಿದ್ದರು.

ಕರಡು ತಿದ್ದುವವಳು:
ಇದೇ ನನ್ನ ಪಾಲಿಗೆ ಎಲ್ಲಕ್ಕಿಂತ ಕಷ್ಟದ ಭಾಗ. ಐರ್ಲೆಂಡಿನ ಸುಪ್ರೀಂ ಕೋರ್ಟ್ 1995ರಲ್ಲಿ, ಸರ್ಕಾರ ಸಾರ್ವಜನಿಕರ ಹಣದಿಂದ ಒಂದೇ ಬದಿಯ ಪ್ರಚಾರ ಮಾಡುವಂತಿಲ್ಲ ಎಂದು ತೀರ್ಪು ನೀಡಿತು. ಅದರಿಂದಾಗಿ ತಿದ್ದುಪಡಿಯ ಅರ್ಥವನ್ನು ತಟಸ್ಥವಾಗಿ ತಿಳಿಸಲು ಸ್ವತಂತ್ರ ಆಯೋಗ ಬಂತು. ಮಂತ್ರಿಗಳು ಮಾತನಾಡಬಹುದು, ಪಕ್ಷ ತನ್ನ ಹಣದಿಂದ ಭಿತ್ತಿಪತ್ರ ಅಂಟಿಸಬಹುದು, ಖಜಾನೆಗೆ ಕೈ ಹಾಕುವಂತಿಲ್ಲ. ಆಸ್ಟ್ರೇಲಿಯಾದ್ದು ಬೇರೆ ದಾರಿ. ಪರವಾಗಿ ಮತ ಹಾಕಿದ ಸಂಸದರು ಒಂದು ವಾದ, ವಿರೋಧಿಸಿದವರು ಒಂದು ವಾದ ಬರೆಯುತ್ತಾರೆ. ಎರಡಕ್ಕೂ 2,000 ಪದಗಳ ಮಿತಿ. ಎರಡನ್ನೂ ಒಂದೇ ಕಿರುಪುಸ್ತಕದಲ್ಲಿ ಅಚ್ಚು ಹಾಕಿ ಮನೆಮನೆಗೆ ಕಳುಹಿಸುತ್ತಾರೆ.

ಸರ್ಕಾರ ಕೊಡುವ ಅಂಕಿಯೇ ತಪ್ಪಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ವಿಟ್ಜರ್ಲೆಂಡ್ ಸಾಕ್ಷಿ. ಮದುವೆಯಾದ ಜೋಡಿಗಳು ಮದುವೆಯಾಗದೆ ಒಟ್ಟಿಗಿರುವವರಿಗಿಂತ ಹೆಚ್ಚು ತೆರಿಗೆ ಕಟ್ಟಬೇಕಾಗುವುದನ್ನು ತಪ್ಪಿಸಲು 2016ರ ಫೆಬ್ರುವರಿಯಲ್ಲಿ ಅಲ್ಲಿ ಸಂವಿಧಾನ ತಿದ್ದುಪಡಿಯ ಮತದಾನ ನಡೆಯಿತು. ಇಬ್ಬರೂ ದುಡಿಯುವ ಜೋಡಿಗಳಲ್ಲಿ ಸುಮಾರು 80,000 ಜೋಡಿಗಳಿಗಷ್ಟೇ ಈ ಅನ್ಯಾಯ ತಟ್ಟುತ್ತದೆ ಎಂದು ಸರ್ಕಾರ ತಿಳಿಸಿತ್ತು. ಪ್ರಸ್ತಾವ ಅತ್ಯಲ್ಪ ಅಂತರದಿಂದ ಸೋತಿತು. ಎರಡು ವರ್ಷದ ಮೇಲೆ ಸರ್ಕಾರವೇ ಒಪ್ಪಿಕೊಂಡಿತು: ಸರಿಯಾದ ಸಂಖ್ಯೆ 4,54,000! 2019ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಮತದಾನವನ್ನೇ ರದ್ದುಪಡಿಸಿತು. ನಿಮ್ಮ ಯೋಜನೆಯಲ್ಲಿ ಮಾಹಿತಿ ಪುಸ್ತಕದ ಅಂಕಿಗಳನ್ನು ಹೊರಗಿನವರು ಪರಿಶೀಲಿಸುವ, ತಪ್ಪಿದ್ದರೆ ಮತದಾನದ ಮೊದಲೇ ದೂರು ಕೊಡುವ ವ್ಯವಸ್ಥೆ ಇರಲಿ. ಸ್ವಿಸ್ ಮಟ್ಟದ ಅಭ್ಯಾಸವಿದ್ದವರೇ ಎಡವಿದ್ದಾರೆ.

ಕಾನೂನು ವಿದ್ಯಾರ್ಥಿನಿ:
ಇಷ್ಟು ಮಾಹಿತಿ ಕೊಟ್ಟ ಮೇಲೂ ಜನ ಇಲ್ಲ ಎಂದರೆ? ನಮ್ಮ ತರಗತಿಯಲ್ಲಿ ಹಲವರು, ಇಲ್ಲ ಎಂಬುದು ಅರ್ಥವಾಗದವರ ಉತ್ತರ ಎನ್ನುತ್ತಾರೆ.

ಅಡ್ಡಪ್ರಶ್ನೆ:
ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಚಿಲಿಯಲ್ಲಿ 2020ರಲ್ಲಿ ಹೊಸ ಸಂವಿಧಾನ ಬೇಕು ಎಂದು ಶೇ 78ರಷ್ಟು ಜನ ಹೇಳಿದರು. 2022ರಲ್ಲಿ 388 ವಿಧಿಗಳ ಕರಡನ್ನು ಶೇ 62ರಷ್ಟು ಜನ ತಿರಸ್ಕರಿಸಿದರು. ಅದು ಎಡಕ್ಕೆ ವಾಲಿತ್ತು ಎಂದರು. 2023ರಲ್ಲಿ ಬಲಕ್ಕೆ ವಾಲಿದ ಇನ್ನೊಂದು ಕರಡು ಬಂತು, ಅದನ್ನೂ ತಿರಸ್ಕರಿಸಿದರು. ಹೊಸದು ಬೇಕು, ಆದರೆ ಇದಲ್ಲ, ಅದೂ ಅಲ್ಲ. ಇದರಲ್ಲಿ ಅರ್ಥವಾಗದ್ದು ಏನಿದೆ? ಜನರನ್ನು ಕೇಳುವುದೇ ಆದರೆ ಇಲ್ಲ ಎಂಬ ಉತ್ತರಕ್ಕೂ ಕುರ್ಚಿ ಹಾಕಿಟ್ಟಿರಬೇಕು.

ಪ್ರಿಸೈಡಿಂಗ್ ಮೇಷ್ಟ್ರು:
ನೋಡಿ, ಜನಮತಗಣನೆಯೇ ಬೇಡ ಎಂದವರು ಈಗ ಅದರ ವಕೀಲರಾಗಿದ್ದಾರೆ. ಸಂತೋಷ. ಒಂದು ಮಾತು ಸೇರಿಸುತ್ತೇನೆ: ನಾಯಕರು ತಮ್ಮ ಕುರ್ಚಿಯನ್ನು ಪಣಕ್ಕಿಟ್ಟರೆ ಜನ ಬೇರೆಯೇ ಪ್ರಶ್ನೆಗೆ ಉತ್ತರಿಸುತ್ತಾರೆ. 1969ರಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಸೋತರೆ ಹೋಗುತ್ತೇನೆ ಎಂದರು, ಸೋತರು, ಹೋದರು. 2016ರಲ್ಲಿ ಇಟಲಿಯ ಪ್ರಧಾನಿ ರೆಂಜಿ ಅದೇ ದಾರಿ ಹಿಡಿದರು. ನಿಮ್ಮ ಕಾಲ್ಪನಿಕ ಅಧ್ಯಕ್ಷರಿಗೆ ಬಾಯಿ ಬಿಗಿಹಿಡಿಯಲು ಹೇಳಿ. ಅಂದ ಹಾಗೆ, ಆ ಏಳು ವರ್ಷ ಹಾಲಿ ಅಧ್ಯಕ್ಷರಿಗೂ ಅನ್ವಯವೇ, ಮುಂದಿನವರಿಗೆ ಮಾತ್ರವೇ? ನಿಮ್ಮ ನಲವತ್ತು ಪುಟಗಳಲ್ಲಿ ಅದು ನನಗೆ ಸಿಗಲಿಲ್ಲ. ಮತದಾರರು ಮೊದಲು ಕೇಳುವುದೇ ಅದನ್ನು.

ಇನ್ನೊಂದು ಚಿಕ್ಕ ವಿಷಯ. ಮತವನ್ನು ಹೇಗೆ ಗುರುತು ಮಾಡಬೇಕು, ಯಾವುದು ಸಿಂಧು, ಯಾವುದು ಅಸಿಂಧು ಎಂಬುದನ್ನು ಮೊದಲೇ ಪ್ರಕಟಿಸಿ. ಆಸ್ಟ್ರೇಲಿಯಾದಲ್ಲಿ ಚೌಕದೊಳಗೆ ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಸರಿ ಗುರುತು ಹಾಕಿದರೆ ಹೌದು ಎಂದು ಎಣಿಸುತ್ತಾರೆ, ತಪ್ಪು ಗುರುತು (×) ಹಾಕಿದರೆ ಇಲ್ಲ ಎಂದು ಎಣಿಸುವುದಿಲ್ಲ. ಈ ಪದ್ಧತಿ ದಶಕಗಳಿಂದ ಇದೆ. ಆದರೂ 2023ರ ಜನಮತಗಣನೆಯ ಹೊತ್ತಿನಲ್ಲಿ ಅದೇ ದೊಡ್ಡ ಜಗಳವಾಯಿತು. ಎಣಿಕೆಯ ಮೇಜಿನ ಮೇಲೆ ಹುಟ್ಟುವ ಜಗಳವನ್ನು ಎಣಿಕೆಯ ಮೇಜಿನ ಮೇಲೆ ಬಗೆಹರಿಸಲು ಆಗುವುದಿಲ್ಲ, ನಾನು ಕಂಡಿದ್ದೇನೆ.

ಕಾನೂನು ವಿದ್ಯಾರ್ಥಿನಿ:
ರಾತ್ರಿಯೆಲ್ಲ ಕುಳಿತು ಹೊಸದಾಗಿ ಬರೆದೆ. ಚುನಾವಣೆಯಿಂದ ದೂರದ ಪ್ರತ್ಯೇಕ ದಿನ. ಒಂದು ವರ್ಷದ ಸಿದ್ಧತೆ, ಅದರಲ್ಲಿ ಎರಡು ತಿಂಗಳು ಪ್ರಶ್ನೆಗಳ ಪರೀಕ್ಷೆಗೇ. ನಾಲ್ಕು ಬಣ್ಣದ ನಾಲ್ಕು ಮತಪತ್ರ. ಹಾಜರಿಯ ಮಿತಿಯನ್ನು ತೆಗೆದು ಡೆನ್ಮಾರ್ಕಿನಂತೆ ಹೌದು ಎಂಬ ಮತಗಳಿಗೇ ಕನಿಷ್ಠ ಮಿತಿ. ಪರ ವಿರೋಧ ಎರಡೂ ಇರುವ ಕಿರುಪುಸ್ತಕ, ಅಂಕಿಗಳಿಗೆ ಸ್ವತಂತ್ರ ಪರಿಶೀಲನೆ. ಅಧ್ಯಕ್ಷರ ಹೊಸ ಅವಧಿ ಮುಂದಿನವರಿಗೆ ಮಾತ್ರ ಎಂದು ಪ್ರಶ್ನೆಯಲ್ಲೇ ಬರೆದಿದ್ದೇನೆ. ಹದಿನಾರು ಫಲಿತಾಂಶಗಳನ್ನೂ ಒಂದೊಂದಾಗಿ ಓದಿ ನೋಡಿದೆ, ಮೂರು ಕಡೆ ಸಂವಿಧಾನ ಮುರಿದುಬಿತ್ತು, ತಿದ್ದಿದೆ. ಪೆಟ್ಟಿಗೆಗಳ ಸಾಗಣೆ ಈಗ ಆರು ಪುಟ. ನಾಳೆ ಸಲ್ಲಿಸುತ್ತೇನೆ. ಎಲ್ಲರಿಗೂ ಧನ್ಯವಾದಗಳು.

ಪ್ರಿಸೈಡಿಂಗ್ ಮೇಷ್ಟ್ರು:
ಚೆನ್ನಾಗಿದೆ, ಸಲ್ಲಿಸಿ. ಕೊನೆಯದಾಗಿ ಮತದಾರರ ಪಟ್ಟಿಯ ಪುಟವನ್ನು ನೋಡುತ್ತಿದ್ದೆ. ಹದಿನಾರು ವರ್ಷದವರಿಗೆ ಮತದಾನದ ಹಕ್ಕು ಕೊಡಬೇಕೇ ಎಂಬ ಪ್ರಶ್ನೆಗೆ ಹದಿನಾರು ವರ್ಷದವರು ಮತ ಹಾಕುತ್ತಾರೆಯೇ?

ಕಾನೂನು ವಿದ್ಯಾರ್ಥಿನಿ:
ಇಲ್ಲ... ಹದಿನೆಂಟು ತುಂಬಿದವರ ಹಳೆಯ ಪಟ್ಟಿಯನ್ನೇ ಹಾಗೆಯೇ ಇಟ್ಟಿದ್ದೇನೆ.

ಕರಡು ತಿದ್ದುವವಳು:
ಸ್ವಿಟ್ಜರ್ಲೆಂಡಿನಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಬೇಕೇ ಎಂದು 1959ರಲ್ಲಿ ಕೇಳಿದಾಗ ಉತ್ತರಿಸಿದವರು ಗಂಡಸರು ಮಾತ್ರ. ಬೇಡ ಎಂದರು. ಅದೇ ಗಂಡಸರ ಪಟ್ಟಿ ಬೇಕು ಎನ್ನಲು 1971 ಆಗಬೇಕಾಯಿತು. ಸ್ಕಾಟ್ಲೆಂಡಿನಲ್ಲಿ 2014ರಲ್ಲಿ ಹದಿನಾರು ವರ್ಷದವರನ್ನೂ ಪಟ್ಟಿಗೆ ಸೇರಿಸಿದ್ದರು. ಎರಡು ದಾರಿಗೂ ಕಾನೂನಿನ ಸಮರ್ಥನೆ ಸಿಗುತ್ತದೆ, ಆದರೆ ಯಾವ ದಾರಿ ಎಂಬುದನ್ನು ಕಾರಣ ಸಹಿತ ಬರೆಯಲೇಬೇಕು.

ಕಾನೂನು ವಿದ್ಯಾರ್ಥಿನಿ:
ಸಲ್ಲಿಸಲು ಇನ್ನೆರಡು ದಿನ ಗಡುವು ಕೇಳುತ್ತೇನೆ.